ಯೂರಿಯಾ ಲೈಟ್ ಬಂತು ಅಂತ ಪಾರ್ಟ್ಸ್ ಬದಲಿಸುವ ಮುಂಚೆ ಇಲ್ಲಿ ಒಮ್ಮೆ ತೋರಿಸಿ

ಶಿವಮೊಗ್ಗ ಸುತ್ತಮುತ್ತ ಲೋಡರ್, ಟಿಪ್ಪರ್ ಇಟ್ಟುಕೊಂಡು ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾರು, ಬೈಕಿನವರಿಗೆ ಇದರಿಂದ ಉಪಯೋಗ ಇಲ್ಲ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ದೊಡ್ಡ ಗಾಡಿಗಳ ಹೊಗೆ ಶುದ್ಧ ಮಾಡುವ ಯೂರಿಯಾ ಸಿಸ್ಟಮ್, ಅಂದರೆ ಡಿಇಎಫ್, ಅದರ ವೈರಿಂಗ್ ಮತ್ತು ಸೆನ್ಸರ್ ಕೆಲಸ ಇವರದ್ದು. ಹೆಸರು ಮಾತ್ರ ಹಾಕಬೇಡಿ, ಈಗಲೇ ಫೋನ್ ಎತ್ತೋಕೆ ಪುರುಸೊತ್ತಿಲ್ಲ ಅಂತ ಅಂಗಡಿಯ ಅಣ್ಣ ಹೇಳಿದ್ದರಿಂದ ಹಾಕುತ್ತಿಲ್ಲ. ಆ ಕಡೆ ಯಾವ ಟಿಪ್ಪರ್ ಡ್ರೈವರ್‌ನ ಕೇಳಿದರೂ ದಾರಿ ತೋರಿಸುತ್ತಾರೆ.

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೆಲಸ ತುಂಬ ಚೆನ್ನಾಗಿದೆ. ಕಾಯಿಸುತ್ತಾರೆ. ಬಿಲ್ ಕೇಳಿ ತಗೋಬೇಕು. ಆದರೆ ಪಾರ್ಟ್ಸ್ ಬದಲಿಸೋಕೆ ಮುಂಚೆ ಫಾಲ್ಟ್ ಎಲ್ಲಿದೆ ಅಂತ ಹುಡುಕುವವರು ನಮ್ಮ ಜಿಲ್ಲೆಯಲ್ಲಿ ನನಗೆ ಸಿಕ್ಕಿದ್ದು ಇವರೊಬ್ಬರೇ.

ಬಿಎಸ್4 ಹೊಗೆ ನಿಯಮದ ಕಾಲದಲ್ಲೇ ಕೆಲವು ಗಾಡಿಗಳಿಗೆ ಯೂರಿಯಾ ಟ್ಯಾಂಕ್ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ದೊಡ್ಡ ಟಿಪ್ಪರ್‌ಗಳಲ್ಲಿ ಅದು ಮಾಮೂಲಾಯಿತು. 2025ರ ಜನವರಿಯಿಂದ ಚಕ್ರದ ಮೇಲೆ ಓಡುವ ಕನ್‌ಸ್ಟ್ರಕ್ಷನ್ ಮಷಿನ್‌ಗಳಿಗೂ ಸ್ಟೇಜ್ 5 ರೂಲ್ಸ್ ಬಂತು. ಈಗ ಕ್ರಷರ್‌ನಲ್ಲಿ ನಿಂತಿರುವ ಲೋಡರ್‌ಗೂ ನೀಲಿ ಮುಚ್ಚಳದ ಟ್ಯಾಂಕ್. ಸೈಲೆನ್ಸರ್ ಒಳಗೆ ಯೂರಿಯಾ ಚಿಮುಕಿಸುತ್ತದೆ, ಬಿಸಿಗೆ ಅದು ಅಮೋನಿಯಾ ಆಗುತ್ತದೆ, ಹೊಗೆಯಲ್ಲಿರುವ ನಾಕ್ಸ್ ಅನ್ನು, ಅಂದರೆ ನೈಟ್ರೋಜನ್ ಆಕ್ಸೈಡ್ ಅನ್ನುವ ಕೆಟ್ಟ ಅನಿಲಗಳನ್ನು, ನೈಟ್ರೋಜನ್ ಮತ್ತು ನೀರು ಮಾಡುತ್ತದೆ. ಕೇಳೋಕೆ ಸುಲಭ. ಆದರೆ ಇದನ್ನು ನಡೆಸೋಕೆ ಟ್ಯಾಂಕಿನಲ್ಲಿ ಲೆವೆಲ್, ಟೆಂಪರೇಚರ್ ನೋಡುವ ಸೆನ್ಸರ್, ಪಂಪ್, ಪ್ರೆಶರ್ ಸೆನ್ಸರ್, ಸೈಲೆನ್ಸರ್ ಮೇಲೆ ಇಂಜೆಕ್ಟರ್, ಅದರ ಮುಂದೊಂದು ಹಿಂದೊಂದು ನಾಕ್ಸ್ ಸೆನ್ಸರ್, ಇವನ್ನೆಲ್ಲ ಕಂಟ್ರೋಲ್ ಮಾಡುವ ಬಾಕ್ಸ್ ಬೇಕು. ಇಷ್ಟನ್ನೂ ಜೋಡಿಸುವ ವೈರ್‌ಗಳು ಓಡಾಡೋದು ಚಾಸಿಸ್ ಕೆಳಗೆ, ಕೆಸರು ಬಂದು ಹೊಡೆಯುವ ಜಾಗದಲ್ಲೇ. ಒಂದು ಪಿನ್ ಕೆಟ್ಟರೂ ಡ್ಯಾಶ್‌ಬೋರ್ಡಲ್ಲಿ ಲೈಟ್. ಹಾಗೇ ಓಡಿಸಿದರೆ ಸ್ವಲ್ಪ ಹೊತ್ತಿಗೆ ಪವರ್ ಇಳಿಸುತ್ತದೆ, ಆಮೇಲೆ ಬಕೆಟ್ ತುಂಬಿಕೊಂಡು ಏರು ಹತ್ತೋಕೂ ಆಗಲ್ಲ.

ನಮ್ಮ ಲೋಡರ್ ಆಯನೂರು ಕಡೆ ಕ್ರಷರ್‌ನಲ್ಲಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಏನೂ ಇಲ್ಲ. ಅರ್ಧ ಮುಕ್ಕಾಲು ಗಂಟೆ ಕೆಲಸ ಮಾಡಿದ ಮೇಲೆ ಲೈಟ್ ಬರುತ್ತದೆ, ಪವರ್ ಇಳಿಯುತ್ತದೆ. ಆಫ್ ಮಾಡಿ ತಣ್ಣಗಾದ ಮೇಲೆ ಮತ್ತೆ ಸರಿ. ವಾರಂಟಿ ಅವರ್ಸ್ ಮುಗಿದಿತ್ತು. ಮೊದಲು ಬಂದ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ, ಹಿಂದಿನ ನಾಕ್ಸ್ ಸೆನ್ಸರ್ ಹೋಗಿದೆ ಅಂದ. ಹತ್ತಾರು ಸಾವಿರದ ಸೆನ್ಸರ್. ಹಾಕಿಸಿದ್ದಾಯಿತು. ಮಾರನೇ ದಿನ ಸ್ಕ್ಯಾನರ್‌ನಲ್ಲಿ ಅದೇ ಫಾಲ್ಟ್ ಕೋಡ್. ಆಮೇಲೆ ಬಂದ ಸರ್ವಿಸ್‌ನವರು ಪಂಪ್ ಮತ್ತು ವೈರಿಂಗ್ ಕಿಟ್ ಎರಡೂ ಬದಲಿಸಿ ನೋಡೋಣ ಅಂದರು. ಆ ಕೊಟೇಶನ್ ನೋಡಿದ ಮೇಲೆ ನಾನು ಈ ಅಣ್ಣನ ಹತ್ತಿರ ಹೋದದ್ದು.

ಅವರು ಮೊದಲು ಕೇಳಿದ್ದು ಕೋಡ್ ಅಲ್ಲ. "ಲೈಟ್ ಯಾವಾಗ ಬರುತ್ತೆ? ಸ್ಟಾರ್ಟ್ ಮಾಡಿದ ತಕ್ಷಣ ಬರುತ್ತಾ, ಬಿಸಿ ಆದ ಮೇಲಾ?" ಆಮೇಲೆ, "ಬಕೆಟ್‌ಗೆ ವೆಲ್ಡಿಂಗ್ ಮಾಡಿಸಿದ್ರಾ? ವಾಟರ್ ಸರ್ವಿಸ್ ಯಾವಾಗ ಮಾಡಿಸಿದ್ರಿ? ಯೂರಿಯಾ ಹೇಗೆ ತುಂಬಿಸ್ತೀರಿ, ಕ್ಯಾನ್‌ನಿಂದಲಾ?" ಇಷ್ಟು ಕೇಳಿ ಒಂದು ನೋಟ್‌ಬುಕ್ಕಲ್ಲಿ ಬರೆದುಕೊಂಡರು. ಇದಕ್ಕೇ ಸುಮಾರು ಹೊತ್ತು ಹೋಯಿತು. ನನ್ನ ಡ್ರೈವರ್‌ಗೆ ಇದ್ಯಾಕೋ ಆಸ್ಪತ್ರೆ ಚೀಟಿ ಬರೆಸಿದ ಹಾಗಾಯ್ತು ಅಂತ ಕಿರಿಕಿರಿ. ಆದರೆ ಕಾಲು ಭಾಗ ಕೆಲಸ ಅಲ್ಲೇ ಮುಗಿದಿತ್ತು ಅಂತ ಆಮೇಲೆ ಗೊತ್ತಾಯಿತು.

ಯಾಕೆ ಅಂದರೆ, ನಾಕ್ಸ್ ಸೆನ್ಸರ್ ಒಳಗೆ ಒಂದು ಹೀಟರ್ ಇದೆ. ಸೈಲೆನ್ಸರ್ ತಣ್ಣಗಿದ್ದಾಗ ಒಳಗೆ ನೀರಿನ ಪಸೆ ಇರುತ್ತದೆ, ಆಗ ಹೀಟರ್ ಪೂರ್ತಿ ಆನ್ ಆದರೆ ಸೆನ್ಸರ್ ಬಿರುಕು ಬಿಡುತ್ತದೆ. ಅದಕ್ಕೆ ಸೈಲೆನ್ಸರ್ ಬಿಸಿಯಾಗಿ ಒಣಗುವ ತನಕ ಹೀಟರ್ ಕಾಯುತ್ತದೆ. ಬಿಸಿಯಾದ ಮೇಲೆ ಜೋರಾಗಿ ಕರೆಂಟ್ ಎಳೆಯುತ್ತದೆ. ನಮ್ಮ ಫಾಲ್ಟ್ ಬರುತ್ತಿದ್ದದ್ದು ಸರಿಯಾಗಿ ಆ ಹೊತ್ತಿಗೆ. ಅಂದರೆ ಜಾಸ್ತಿ ಕರೆಂಟ್ ಬೇಕಾದಾಗ ಎಲ್ಲೋ ಸಪ್ಲೈ ಸಾಲುತ್ತಿಲ್ಲ. ಯಾರ್ಡಲ್ಲಿ ಗಾಡಿ ನಿಲ್ಲಿಸಿ ಐಡಲ್‌ನಲ್ಲಿ ಬಿಟ್ಟು ಸ್ಕ್ಯಾನರ್ ನೋಡಿದರೆ ಇದು ಸಿಗೋದೇ ಇಲ್ಲ.

ಕೋಡ್ ವಿಷಯಕ್ಕೆ ಬರುತ್ತೇನೆ. ಹೆವಿ ಗಾಡಿಗಳಲ್ಲಿ ಕೋಡ್ ಎರಡು ತುಂಡಾಗಿ ಬರುತ್ತದೆ, ಎಸ್‌ಪಿಎನ್ ಒಂದು, ಎಫ್‌ಎಂಐ ಒಂದು. ಎಸ್‌ಪಿಎನ್ ಯಾವ ಭಾಗ ಅಂತ ಹೇಳುತ್ತದೆ. 3216 ಮುಂದಿನ ನಾಕ್ಸ್, 3226 ಹಿಂದಿನ ನಾಕ್ಸ್, 1761 ಟ್ಯಾಂಕ್ ಲೆವೆಲ್, 4334 ಯೂರಿಯಾ ಪ್ರೆಶರ್. ಎಫ್‌ಎಂಐ ಹೇಳೋದು ಏನಾಗಿದೆ ಅಂತ. 3 ಬಂದರೆ ವೋಲ್ಟೇಜ್ ಜಾಸ್ತಿ, 4 ಬಂದರೆ ಕಡಿಮೆ, 5 ಬಂದರೆ ಸಾಮಾನ್ಯವಾಗಿ ವೈರ್ ಕಟ್, 6 ಬಂದರೆ ಅರ್ತ್‌ಗೆ ಶಾರ್ಟ್, 9 ಬಂದರೆ ಆ ಸೆನ್ಸರ್‌ನಿಂದ ಸರಿಯಾಗಿ ಮೆಸೇಜ್ ಬರುತ್ತಿಲ್ಲ. ನಮ್ಮದು 3226, ಎಫ್‌ಎಂಐ 9. ನಮ್ಮ ಹುಡುಗರಲ್ಲಿ ಹೆಚ್ಚಿನವರು ಮೊದಲ ನಂಬರ್ ಓದಿ ಪಾರ್ಟ್ ಹೆಸರು ಹೇಳಿಬಿಡುತ್ತಾರೆ. ಎರಡನೆಯದನ್ನು ನೋಡೋದೇ ಇಲ್ಲ. ಮೆಸೇಜ್ ಬರುತ್ತಿಲ್ಲ ಅಂದರೆ ಸೆನ್ಸರ್ ಸತ್ತಿದೆ ಅಂತಲೇ ಅಲ್ಲ ಅಲ್ವಾ? ಅದಕ್ಕೆ ಕರೆಂಟೇ ಹೋಗದಿದ್ದರೂ ಮೆಸೇಜ್ ಬರಲ್ಲ.

ಸೈಟಿಗೆ ಬಂದರು. ಮಳೆ ಹನಿಯುತ್ತಿತ್ತು, ಮೇಲೊಂದು ಟಾರ್ಪಾಲ್ ಕಟ್ಟಿಸಿಕೊಂಡು ಕೆಳಗೆ ಮಲಗಿದರು. ಹಿಂದಿನ ನಾಕ್ಸ್ ಸೆನ್ಸರ್‌ನ ಕಪ್ಲರ್ (ವೈರ್ ಜೋಡಿಸುವ ಕನೆಕ್ಟರ್) ಬಿಚ್ಚಿ ಮೀಟರ್ ಇಟ್ಟರು. 24 ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ ತೋರಿಸಿತು. ಮೊದಲಿನ ಮೆಕ್ಯಾನಿಕ್ ಕೂಡ ಇಷ್ಟು ನೋಡಿ "ಸಪ್ಲೈ ಸರಿ ಇದೆ" ಅಂದಿದ್ದ. ಇವರು ನನ್ನ ಕರೆದು, "24 ತೋರಿಸ್ತಿದೆ ಅಲ್ವಾ ಸಾರ್? ಈಗ ಬಲ್ಬ್ ಹಾಕ್ತೀನಿ ನೋಡಿ" ಅಂದರು. ಅವರ ಹತ್ತಿರ ಹಳೇ ಲಾರಿ ಇಂಡಿಕೇಟರ್‌ನ 24 ವೋಲ್ಟ್ 21 ವ್ಯಾಟ್ ಬಲ್ಬ್ ಇದೆ, ಅದಕ್ಕೆ ಎರಡು ವೈರ್ ಬೆಸುಗೆ ಹಾಕಿ ತುದಿಗೆ ಸರಿಯಾದ ಸೈಜಿನ ಪಿನ್ ಕೂರಿಸಿದ್ದಾರೆ. ಅದೇ ಎರಡು ಪಿನ್ನಿಗೆ ಚುಚ್ಚಿದರು. ಬಲ್ಬ್ ಒಳಗೆ ತಂತಿ ಸುಮ್ನೆ ಕೆಂಪಗಾಯಿತು, ಬೆಳಕೇ ಇಲ್ಲ. ಮೀಟರ್ ಈಗ 9 ಚಿಲ್ಲರೆ. ವೈರಿನಲ್ಲಿ ಎರಡು ಎಳೆ ಉಳಿದಿದ್ದರೂ ಮೀಟರ್‌ಗೆ 24 ಸಿಗುತ್ತದೆ, ಯಾಕೆಂದರೆ ಮೀಟರ್ ಕರೆಂಟ್ ಎಳೆಯೋದೇ ಇಲ್ಲ. ಬಲ್ಬ್ ಎಳೆಯುತ್ತದೆ, ಆಗ ಬಣ್ಣ ಬಯಲಾಗುತ್ತದೆ. ಅಷ್ಟೇ ಪರೀಕ್ಷೆ. ಇದಕ್ಕೆ ಲ್ಯಾಪ್‌ಟಾಪ್ ಬೇಡ, ಲಕ್ಷದ ಸ್ಕ್ಯಾನರ್ ಬೇಡ.

ಆಮೇಲೆ ಅರ್ತ್ ವೈರ್ ಒಂದನ್ನು ಬೇರೆ ತೆಗೆದುಕೊಂಡು, ಬಲ್ಬಿನ ಆ ತುದಿಯನ್ನು ಬ್ಯಾಟರಿ ನೆಗೆಟಿವ್‌ಗೇ ಕೊಟ್ಟರು. ಆಗಲೂ ಮಂಕು. ಅಂದರೆ ಅರ್ತ್ ತೊಂದರೆ ಅಲ್ಲ, ಪಾಸಿಟಿವ್ ಕಡೆಯೇ. ರಿಲೇಯಿಂದ ಒಂದೊಂದೇ ಕಪ್ಲರ್ ದಾಟಿಕೊಂಡು ಬಂದರು. ಯೂರಿಯಾ ಟ್ಯಾಂಕಿನ ಕೆಳಗಿರುವ ಕಪ್ಲರ್ ತನಕ ಬಲ್ಬ್ ಜೋರಾಗಿ ಉರಿಯಿತು, ಅದರಾಚೆ ಇಲ್ಲ.

ಬಿಚ್ಚಿದಾಗ ಕಂಡದ್ದನ್ನು ನಾನು ಫೋಟೋ ತೆಗೆದಿಟ್ಟಿದ್ದೇನೆ. ಪಿನ್ ಸುತ್ತ ಬಿಳಿ ಪುಡಿ, ಉಪ್ಪು ಕಟ್ಟಿದ ಹಾಗೆ. ಉಗುರಲ್ಲಿ ಕೆರೆದರೆ ಕೆಳಗೆ ಹಸಿರು ಕಿಲುಬು. ಕ್ಯಾನಿನಿಂದ ತುಂಬಿಸುವಾಗ ಚೆಲ್ಲಿದ ಯೂರಿಯಾ ಟ್ಯಾಂಕಿನ ಮೇಲಿಂದ ಹರಿದು ಆ ಕಪ್ಲರ್ ಮೇಲೇ ತೊಟ್ಟಿಕ್ಕುತ್ತಿತ್ತು. ಸೀಲ್ ಸ್ವಲ್ಪ ಹರಿದಿತ್ತು. ಯೂರಿಯಾ ತಾಮ್ರವನ್ನು ತಿನ್ನುತ್ತದೆ. ಅಷ್ಟೇ ಆಗಿದ್ದರೆ ಪಿನ್ ಬದಲಿಸಿ ಮುಗಿಸಬಹುದಿತ್ತು. ಆದರೆ ಅದು ವೈರಿನ ಎಳೆಗಳ ಮಧ್ಯೆ ತಾನಾಗೇ ಮೇಲೆ ಏರುತ್ತದೆ. ಅಣ್ಣ ವೈರಿನ ಪ್ಲಾಸ್ಟಿಕ್ ಸುಲಿಯುತ್ತಾ ಹೋದರು, ತಾಮ್ರ ಕಪ್ಪಗೇ ಇತ್ತು. ಇನ್ನೂ ಸುಲಿದರು, ಇನ್ನೂ ಕಪ್ಪು. ಒಂದು ಗೇಣು ದಾಟಿದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು. ಅಲ್ಲಿಂದ ಹೊಸ ವೈರ್, ಬೆಸುಗೆ, ಒಳಗೆ ಅಂಟು ಇರುವ ಸ್ಲೀವ್ ಹಾಕಿ ಬಿಸಿ ಮಾಡಿದರು. ಕಪ್ಲರ್ ಹೊಸದು, ಸೀಲ್ ಹೊಸದು. ಉಳಿದ ಪಿನ್‌ಗಳನ್ನು ಬಿಸಿನೀರಲ್ಲಿ ತೊಳೆದು ಗಾಳಿ ಹೊಡೆದು ಒಣಗಿಸಿದರು. ಡೀಸೆಲ್‌ನಲ್ಲಿ ತೊಳೆಯಬಾರದಂತೆ, ಯೂರಿಯಾ ನೀರಿಗೆ ಕರಗುತ್ತದೆ, ಡೀಸೆಲ್‌ಗೆ ಕರಗಲ್ಲ. ಕೊನೆಗೆ ಆ ಕಪ್ಲರ್ ಜಾಗವನ್ನೇ ಒಂದು ಕ್ಲಿಪ್ ಹಾಕಿ ಪಕ್ಕಕ್ಕೆ ಸರಿಸಿದರು, ಮುಂದೆ ಚೆಲ್ಲಿದರೂ ಮೇಲೆ ಬೀಳಬಾರದು ಅಂತ. ಯಾರೂ ಕೇಳದೆ ಮಾಡಿದ ಕೆಲಸ ಅದು.

ಕೋಡ್ ಅಳಿಸಿ ಬಿಲ್ ಕೊಟ್ಟು ಹೋಗಲಿಲ್ಲ. ಲೋಡರ್‌ನ ಕೆಲಸಕ್ಕೆ ಬಿಟ್ಟು, ಒಂದು ಗಂಟೆ ಮೇಲೆ ಓಡಿಸಿ, ಬಿಸಿ ಇರುವಾಗಲೇ ಸೆನ್ಸರ್ ಸಪ್ಲೈ ಮತ್ತೆ ನೋಡಿ, ಎರಡೂ ನಾಕ್ಸ್ ರೀಡಿಂಗ್ ಪಕ್ಕಪಕ್ಕ ಇಟ್ಟು ಹಿಂದಿನದು ಮುಂದಿನದಕ್ಕಿಂತ ಚೆನ್ನಾಗಿ ಇಳಿದಿದೆ ಅಂತ ತೋರಿಸಿ ಹೊರಟರು. ಅದಾದ ಮೇಲೆ ಲೈಟ್ ಬಂದಿಲ್ಲ. ಮೊದಲು ಬಿಚ್ಚಿದ ಹಳೇ ನಾಕ್ಸ್ ಸೆನ್ಸರ್ ಚೆನ್ನಾಗೇ ಇತ್ತಂತೆ, ಅದನ್ನು ಈಗ ಸ್ಪೇರ್ ಅಂತ ಇಟ್ಟುಕೊಂಡಿದ್ದೇನೆ. ದುಬಾರಿ ಸ್ಪೇರ್.

ಎರಡನೇ ಕೆಲಸ ಟಿಪ್ಪರ್‌ದು. ಅದನ್ನು ಬೇಗ ಹೇಳುತ್ತೇನೆ. ಮಳೆಗಾಲದಲ್ಲಿ ಕೆಲಸ ಇಲ್ಲ ಅಂತ ರಿಪ್ಪನ್‌ಪೇಟೆ ಹತ್ತಿರ ನಮ್ಮ ಭಾವನ ಅಡಿಕೆ ಶೆಡ್ಡಲ್ಲಿ ನಿಲ್ಲಿಸಿದ್ದೆವು. ತೆಗೆದಾಗ ಒಂದೇ ಸಲಕ್ಕೆ ಮುಂದಿನ ನಾಕ್ಸ್, ಹಿಂದಿನ ನಾಕ್ಸ್, ಟ್ಯಾಂಕ್ ಲೆವೆಲ್ ಎಲ್ಲಾ ಕೋಡ್. ಮೂರು ಸೆನ್ಸರ್ ಒಟ್ಟಿಗೆ ಹಾಳಾಗಲ್ಲ, ಇದು ಕ್ಯಾನ್ ಲೈನ್ ಅಂತ ಅಣ್ಣ ಫೋನಲ್ಲೇ ಹೇಳಿದರು. ಕ್ಯಾನ್ ಅಂದರೆ ಇಲ್ಲಿ ಯೂರಿಯಾ ಡಬ್ಬ ಅಲ್ಲ, ಸೆನ್ಸರ್‌ಗಳೂ ಕಂಟ್ರೋಲ್ ಬಾಕ್ಸ್‌ಗಳೂ ಮಾತಾಡಿಕೊಳ್ಳುವ ಜೋಡಿ ವೈರ್, ಎರಡನ್ನೂ ಒಂದಕ್ಕೊಂದು ಹೊಸೆದಿರುತ್ತಾರೆ. ಅದರ ಎರಡು ತುದಿಗೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ತೆಗೆದು ಎರಡು ವೈರ್ ಮಧ್ಯೆ ಅಳೆದರೆ 60 ಓಮ್ ಬರಬೇಕು. ನಮ್ಮದರಲ್ಲಿ 120 ಬಂತು. ಅಂದರೆ ಒಂದು ತುದಿ ಕಾಣುತ್ತಿಲ್ಲ, ಮಧ್ಯೆ ಎಲ್ಲೋ ಕಟ್. ಗೇರ್‌ಬಾಕ್ಸ್ ಮೇಲೆ ಇಲಿ ಗೂಡು ಕಟ್ಟಿಕೊಂಡು ಸರಿಯಾಗಿ ಆ ಎರಡು ವೈರನ್ನೇ ಕಡಿದಿತ್ತು. ಅಡಿಕೆ ಶೆಡ್ಡಲ್ಲಿ ಇಲಿ ಇರದೆ ಇನ್ನೇನು ಇರುತ್ತೆ ಹೇಳಿ. ಇನ್ನೂ ಒಂದು ವಿಷಯ ಗಮನಿಸಿದೆ. ವೈರ್ ಟೆಸ್ಟ್ ಮಾಡೋಕೆ ಸೂಜಿಯಲ್ಲಿ ಇನ್ಸುಲೇಶನ್ ಚುಚ್ಚುವ ಅಭ್ಯಾಸ ಇವರಿಗೆ ಇಲ್ಲ. ಕಪ್ಲರ್‌ನ ಹಿಂಬದಿಯಿಂದ ತೆಳು ಪಿನ್ ತೂರಿಸಿ ಅಳೆಯುತ್ತಾರೆ. ನಮ್ಮ ಮಳೆಗೆ ಚುಚ್ಚಿದ ತೂತಿನಲ್ಲಿ ನೀರು ಇಳಿದು ಮುಂದಿನ ವರ್ಷ ಅಲ್ಲೇ ಹೊಸ ಫಾಲ್ಟ್ ಹುಟ್ಟುತ್ತದೆ.

ಇವರ ಹತ್ತಿರ ಬೈಸಿಕೊಂಡದ್ದು ನಮ್ಮ ಟಿಪ್ಪರ್ ಡ್ರೈವರ್. ಗಾಡಿ ಆಫ್ ಮಾಡಿದ ತಕ್ಷಣ ಬ್ಯಾಟರಿ ಕಟ್‌ಆಫ್ ತಿರುಗಿಸುವ ಅಭ್ಯಾಸ ಅವನದ್ದು. ಕೀ ತೆಗೆದ ಮೇಲೆ ಪಂಪ್ ಸ್ವಲ್ಪ ಹೊತ್ತು ಉಲ್ಟಾ ಓಡಿ ಪೈಪಲ್ಲಿರುವ ಯೂರಿಯಾವನ್ನು ಟ್ಯಾಂಕಿಗೆ ವಾಪಸ್ ಎಳೆದುಕೊಳ್ಳುತ್ತದೆ. ಮಧ್ಯದಲ್ಲೇ ಕರೆಂಟ್ ಕಟ್ ಮಾಡಿದರೆ ಇಂಜೆಕ್ಟರ್‌ನಲ್ಲಿ ಉಳಿದದ್ದು ಬಿಸಿಗೆ ಒಣಗಿ ಕಲ್ಲಾಗುತ್ತದೆ. ಒಂದೆರಡು ನಿಮಿಷ ಕಾಯಿರಿ, ಆ ಶಬ್ದ ನಿಲ್ಲಲಿ, ಆಮೇಲೆ ಕಟ್‌ಆಫ್ ಮಾಡಿ. ಲೋಡರ್‌ನ ಬಕೆಟ್ ಹಲ್ಲಿಗೆ ವೆಲ್ಡಿಂಗ್ ಮಾಡಿಸುವಾಗ ಮಾತ್ರ ಬ್ಯಾಟರಿ ತೆಗೆಯಲೇಬೇಕು, ವೆಲ್ಡಿಂಗ್ ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಬೇಕು. ಇಲ್ಲದಿದ್ದರೆ ಆ ಕರೆಂಟ್ ಕಂಟ್ರೋಲ್ ಬಾಕ್ಸ್ ಮೂಲಕ ದಾರಿ ಹುಡುಕಿಕೊಳ್ಳುತ್ತದೆ.

ಯೂರಿಯಾ ಹೆಪ್ಪುಗಟ್ಟದ ಹಾಗೆ ಇಟ್ಟಿರುವ ಹೀಟರ್‌ನ ಕೋಡ್ ಬಗ್ಗೆಯೂ ಕೇಳಿದೆ, ಯಾಕೆಂದರೆ ಪರಿಚಯದವರೊಬ್ಬರ ಗಾಡಿಗೆ ಅದು ಬಂದಿತ್ತು. ಯೂರಿಯಾ ಹೆಪ್ಪುಗಟ್ಟೋದು ಮೈನಸ್ 11 ಡಿಗ್ರಿಗೆ. ಆಗುಂಬೆಯಲ್ಲಿ ಎಷ್ಟೇ ಚಳಿ ಅಂದರೂ ಅಲ್ಲಿಗೆ ಹೋಗಲ್ಲ. ಆದರೂ ಹೀಟರ್ ಇರುವ ಗಾಡಿಯಲ್ಲಿ ಕಂಟ್ರೋಲ್ ಬಾಕ್ಸ್ ಆ ವೈರ್ ಇದೆಯಾ ಇಲ್ವಾ ಅಂತ ನೋಡುತ್ತಲೇ ಇರುತ್ತದೆ, ಕಟ್ ಆಗಿದ್ದರೆ ಕೋಡ್ ಹಾಕುತ್ತದೆ. ಬಳಸದೇ ಇರುವ ವಸ್ತುವಿಗೆ ರಿಪೇರಿ ಖರ್ಚು ಕೊಡೋದು ಅನ್ಯಾಯ ಅನಿಸುತ್ತದೆ, ಏನು ಮಾಡೋದು.

ಇನ್ನು "ಯೂರಿಯಾ ಆಫ್ ಮಾಡಿ ಕೊಡ್ತೀರಾ?" ಅಂತ ಕೇಳಿಕೊಂಡು ಬರುವವರು. ನಾನಿದ್ದಾಗಲೇ ಒಬ್ಬರು ಬಂದಿದ್ದರು. ಸುಳ್ಳು ಸಿಗ್ನಲ್ ಕೊಡುವ ಚಿಕ್ಕ ಬಾಕ್ಸ್ ಕೂರಿಸಿ ಸಿಸ್ಟಮ್ಮನ್ನೇ ಮಲಗಿಸುವವರು ಹೆದ್ದಾರಿ ಬದಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವರು ಮಾಡಲ್ಲ ಅಂದುಬಿಟ್ಟರು. ಕಾನೂನು ಒಂದು ಕಡೆ ಇರಲಿ, ಅಂಥ ಬಾಕ್ಸ್ ತೆಗೆದು ವೈರಿಂಗ್ ಮೊದಲಿನ ಹಾಗೆ ಮಾಡೋದೇ ಇವರಿಗೆ ತಿಂಗಳು ತಿಂಗಳು ಬರುವ ಕೆಲಸವಂತೆ. ಗದ್ದೆಗೆ ಹಾಕುವ ಯೂರಿಯಾ ನೀರಲ್ಲಿ ಕಲಸಿ ಹೊಯ್ಯುವ ಮಹಾನುಭಾವರೂ ಇದ್ದಾರೆ. 2015ರಿಂದ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪ ಇರುತ್ತದೆ, ಅದು ಸೈಲೆನ್ಸರ್ ಒಳಗೆ ಹೋದರೆ ಏನಾಗುತ್ತೆ ನೀವೇ ಯೋಚಿಸಿ. ಡಿಇಎಫ್ ಅಂದರೆ 32.5 ಶೇಕಡ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಕ್ಯಾನ್ ಮೇಲೆ ಐಎಸ್‌ಒ 22241 ಅಂತ ಇರುವುದನ್ನು ನೋಡಿ ತಗೊಳ್ಳಿ. ಈ ಅಂಗಡಿಯಲ್ಲಿ ಒಂದು ಹನಿ ಹಾಕಿ ಕಣ್ಣಿಗೆ ಹಿಡಿದು ಯೂರಿಯಾ ಎಷ್ಟಿದೆ ಅಂತ ನೋಡುವ ಮೀಟರ್ ಇದೆ, ಯಾವ ಕೆಲಸಕ್ಕೆ ಹೋದರೂ ಮೊದಲು ಅದರಲ್ಲಿ ನೋಡುತ್ತಾರೆ.

ಈಗ ಸರಿಯಿಲ್ಲದ್ದು. ಫೋನ್ ಸುಲಭಕ್ಕೆ ಎತ್ತಲ್ಲ. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ನೇರ ಹೋಗೋದೇ ವಾಸಿ. ನಾಳೆ ಬರ್ತೀನಿ ಅಂದರೆ ನಾಡಿದ್ದು ಅಂತ ಲೆಕ್ಕ ಇಟ್ಟುಕೊಳ್ಳಿ. ಲೋಡರ್ ನಿಂತಿದ್ದರೆ ಕ್ರಷರ್ ಪೂರ್ತಿ ನಿಂತ ಹಾಗೆ, ಅದು ಅವರಿಗೆ ಗೊತ್ತು, ಆದರೂ ಮುಂಚೆ ಬಂದವರ ಗಾಡಿ ಮುಗಿಸದೆ ಏಳಲ್ಲ. ಯಾರ್ಡಿಗೆ ಮೇಲ್ಛಾವಣಿ ಇಲ್ಲ, ಮಳೆ ಬಂದರೆ ದೊಡ್ಡ ಗಾಡಿ ಕೆಲಸ ನಿಲ್ಲುತ್ತದೆ. ಕೂರೋಕೆ ಹಳೇ ಲಾರಿ ಸೀಟು ಒಂದಿದೆ, ಅದರಲ್ಲಿ ಬೆಕ್ಕು ಮಲಗಿರುತ್ತದೆ. ಕೆಲವು ಕಂಪನಿಗಳ ಗಾಡಿಗೆ ಕಂಟ್ರೋಲ್ ಬಾಕ್ಸ್ ಪ್ರೋಗ್ರಾಮ್ ಮಾಡೋದು, ಪೂರ್ತಿ ಲಾಕ್ ಆದ ಗಾಡಿ ಬಿಡಿಸೋದು ಕಂಪನಿ ಸಾಫ್ಟ್‌ವೇರ್ ಇಲ್ಲದೆ ಆಗಲ್ಲ. ಅದನ್ನು ಮೊದಲೇ ಹೇಳಿ ಡೀಲರ್ ಹತ್ತಿರ ಕಳಿಸುತ್ತಾರೆ, ದುಡ್ಡು ತಗೊಳ್ಳಲ್ಲ.

ಚಾರ್ಜು ಬೇರೆ ಎಲೆಕ್ಟ್ರಿಷಿಯನ್‌ಗಳಿಗಿಂತ ಜಾಸ್ತಿಯೇ. ಫಾಲ್ಟ್ ಹುಡುಕಿದ್ದಕ್ಕೆ ಬೇರೆ, ರಿಪೇರಿಗೆ ಬೇರೆ, ಸೈಟಿಗೆ ಬಂದರೆ ಓಡಾಟದ್ದು ಬೇರೆ. "ಬರೀ ನೋಡಿದ್ದಕ್ಕೆ ದುಡ್ಡಾ?" ಅಂತ ನಮ್ಮ ಕ್ರಷರ್ ಮ್ಯಾನೇಜರ್ ರಾಗ ತೆಗೆದ. ಮಾರಾಯ, ನೋಡದೆ ಹಾಕಿಸಿದ ನಾಕ್ಸ್ ಸೆನ್ಸರ್ ಬಿಲ್ಲಿನ ಮುಂದೆ ಇದು ಏನೂ ಅಲ್ಲ ಅಂದೆ. ಜಿಎಸ್‌ಟಿ ಬಿಲ್ ಬೇಕಿದ್ದರೆ ಕೆಲಸ ಶುರು ಮಾಡುವ ಮುಂಚೆಯೇ ಹೇಳಿ, ಮುಗಿದ ಮೇಲೆ ಕೇಳಿದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ.

ಹೋಗುವವರು ಕೋಡ್ ಬಂದಾಗಿನ ಡಿಸ್‌ಪ್ಲೇ ಫೋಟೋ ತೆಗೆದುಕೊಂಡು ಹೋಗಿ, ಎರಡೂ ನಂಬರ್ ಕಾಣುವ ಹಾಗೆ. ಗಾಡಿ ಓಡಿಸುವ ಡ್ರೈವರ್‌ನೇ ಕರೆದುಕೊಂಡು ಹೋಗಿ, ಅವರು ಕೇಳೋದು ಅವನನ್ನೇ. ಕೋಡ್ ಅಳಿಸಿ ಹೋಗಬೇಡಿ, ಬ್ಯಾಟರಿ ಬಿಚ್ಚಿ ಹಾಕಿ ನೋಡೋದೂ ಬೇಡ. ಸಾಧ್ಯ ಆದರೆ ಮೇ ತಿಂಗಳಲ್ಲೇ ತೋರಿಸಿ, ಚಾಸಿಸ್ ಕೆಳಗಿನ ಕಪ್ಲರ್‌ಗಳನ್ನೆಲ್ಲ ಒಮ್ಮೆ ಬಿಚ್ಚಿ ಒರೆಸಿ ಗ್ರೀಸ್ ಹಾಕಿಸಿಕೊಳ್ಳಿ. ಜೂನ್ ದಾಟಿದರೆ ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲಾ ಕಡೆಯ ಗಾಡಿಗಳೂ ಅಲ್ಲೇ ಬಂದು ಸಾಲಾಗಿ ನಿಂತಿರುತ್ತವೆ.